ಹೆಜ್ಜೆಗೆ ಕಟ್ಟಿದ ನಾದ: ಸಾಹಿತ್ಯವಿಲ್ಲದ ವಾದ್ಯರಚನೆಗಳು ಮತ್ತು ನೃತ್ಯ

ಕರ್ನಾಟಕ ಸಂಗೀತದ ಕಛೇರಿಯಲ್ಲಿ ವೀಣೆ, ಪಿಟೀಲು, ಕೊಳಲುಗಳ ಪಾಲಿಗೆ ಬರುವುದು ಬಹುಪಾಲು ಗಾಯಕರ ಕೃತಿಗಳೇ. ವೈಣಿಕರು ತ್ಯಾಗರಾಜರ ಕೃತಿಯೊಂದನ್ನು ನುಡಿಸುವಾಗ ಸಾಹಿತ್ಯದ ಅಕ್ಷರ ಬಿದ್ದಲ್ಲೇ ಮೀಟು ಹಾಕುತ್ತಾರೆ. ಬಲ್ಲ ಕೇಳುಗರು ಮನಸ್ಸಿನಲ್ಲೇ ಆ ಸಾಹಿತ್ಯವನ್ನು ಹೇಳಿಕೊಳ್ಳುತ್ತಾರೆ. ಈ ರೂಢಿ ಎಷ್ಟು ಬೇರೂರಿದೆಯೆಂದರೆ, ನಮ್ಮ ವಾದ್ಯಗಳಿಗೆ ಸ್ವಂತದ ರಚನೆಗಳೇ ಇಲ್ಲ, ಅವು ಕಂಠದ ಬೆನ್ನು ಹಿಡಿದು ಬಂದವು ಎಂಬ ಮಾತು ಆಗಾಗ ಕೇಳಿಬರುತ್ತದೆ. ಕಛೇರಿಯ ಮಟ್ಟಿಗೆ ಅದು ಬಹುತೇಕ ನಿಜ. ಆದರೆ ಟಿಕೆಟ್ಟು ಕೊಂಡು ಕುಳಿತು ಕೇಳುವ ಕಛೇರಿ ಈಚಿನ ಏರ್ಪಾಡು. ದೇವಸ್ಥಾನದ ಪ್ರಾಕಾರ, ಅರಮನೆಯ ನಾಟ್ಯಶಾಲೆ, ಜಾತ್ರೆಯ ಬೀದಿ, ಮದುವೆಯ ಅಂಗಳಗಳಲ್ಲಿ ವಾದ್ಯಗಳಿಗೆ ಬೇರೆಯದೇ ಸಂಪತ್ತಿದೆ. ಮಲ್ಲಾರಿ, ಜತಿಸ್ವರ, ಗತ್, ಲೆಹರಾ, ಪಂಚಾರಿ ಮೇಳ, ಕರಡಿ ಮಜಲು, ಕೊಡವರ ವಾಲಗ, ಇವುಗಳಲ್ಲಿ ಮಾತಿಲ್ಲ. ಮಾತಿನ ಜಾಗದಲ್ಲಿರುವುದು ಚಲನೆ. ದೇವರು ಹೊರಡಬೇಕು, ನರ್ತಕಿ ಅಡವು ಹಾಕಬೇಕು, ವೇಷ ರಂಗಕ್ಕೆ ಬರಬೇಕು. ಆ ಚಲನೆಯ ಲೆಕ್ಕವೇ ಈ ರಚನೆಗಳ ಚೌಕಟ್ಟು.

ವಾದ್ಯದ ಸ್ವತಂತ್ರ ರಚನೆಗೂ ನೃತ್ಯಕ್ಕೂ ಇರುವ ನಂಟನ್ನು ನಾಟ್ಯಶಾಸ್ತ್ರದಷ್ಟು ಹಿಂದೆಯೇ ನೋಡಬಹುದು. ನಾಟಕ ಶುರುವಾಗುವ ಮೊದಲು ನಡೆಯುವ ಪೂರ್ವರಂಗದ ಹಲವು ಅಂಗಗಳು ತೆರೆಯ ಹಿಂದಿನ ವಾದ್ಯಗಳ ಕೆಲಸ: ವಾದಕರು ಸಾಲಾಗಿ ಕೂರುವುದು, ಶ್ರುತಿ ಮಾಡಿಕೊಳ್ಳುವುದು, ತಂತಿವಾದ್ಯ ಹಾಗೂ ಚರ್ಮವಾದ್ಯಗಳನ್ನು ಒಂದೊಂದಾಗಿ ಹದಗೊಳಿಸುವುದು. ಇಲ್ಲಿ ನುಡಿಸುವುದಕ್ಕೆ ನಿರ್ಗೀತ ಎಂದು ಹೆಸರು. ಅದರಲ್ಲಿ ಅರ್ಥವಿರುವ ಪದಗಳಿಲ್ಲ, ಬರಿಯ ಶುಷ್ಕಾಕ್ಷರಗಳಿವೆ. ಅದರ ಸುತ್ತ ಒಂದು ಸ್ವಾರಸ್ಯದ ಕಥೆಯನ್ನೂ ಭರತ ಹೇಳುತ್ತಾನೆ. ನಾರದಾದಿಗಳು ನುಡಿಸಿದ ನಿರ್ಗೀತ ದೈತ್ಯರಿಗೆ ಬಹಳ ಹಿಡಿಸಿತು. ದೇವತೆಗಳು ಅಸಮಾಧಾನಗೊಂಡು ಅದನ್ನು ನಿಲ್ಲಿಸಬೇಕೆಂದರು. ನಾರದ ನಿಲ್ಲಿಸಲಿಲ್ಲ, ದೇವತೆಗಳ ಸಮಾಧಾನಕ್ಕೆ ಅದಕ್ಕೆ ಬಹಿರ್ಗೀತ ಎಂಬ ಇನ್ನೊಂದು ಹೆಸರು ಬಂತು. ಮಾತಿಲ್ಲದ ಸಂಗೀತವನ್ನು ಕುರಿತ ಅನುಮಾನವೂ ಆ ಸಂಗೀತದಷ್ಟೇ ಹಳೆಯದು ಎಂಬುದಕ್ಕೆ ಈ ಕಥೆಯೇ ಸಾಕ್ಷಿ. ಇದೇ ಪೂರ್ವರಂಗಕ್ಕೆ ನೃತ್ತವನ್ನು ಸೇರಿಸುವಂತೆ ಶಿವ ಸೂಚಿಸಿದನೆಂದೂ, ತಂಡು ಅದನ್ನು ಕಲಿಸಿದನೆಂದೂ ಗ್ರಂಥ ಹೇಳುತ್ತದೆ. ನೂರೆಂಟು ಕರಣಗಳು ಅಲ್ಲಿಂದ ಬಂದವು. ಅಭಿನಯವಿಲ್ಲದ ನೃತ್ತ, ಸಾಹಿತ್ಯವಿಲ್ಲದ ವಾದ್ಯ, ಎರಡೂ ಸೇರಿದ್ದು ಒಂದೇ ಜಾಗದಲ್ಲಿ.

ಕನ್ನಡನಾಡಿನ ಲಕ್ಷಣಕಾರರು ಈ ಎರಡನ್ನೂ ಬಿಡಿಸಿ ನೋಡಿದವರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಗೀತವಿನೋದ, ವಾದ್ಯವಿನೋದ, ನೃತ್ಯವಿನೋದಗಳು ಒಂದರ ಪಕ್ಕ ಒಂದು ಬರುತ್ತವೆ. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ ಸಂಗೀತರತ್ನಾಕರದ ಆರನೆಯ ಅಧ್ಯಾಯವನ್ನು ವಾದ್ಯಕ್ಕೂ ಏಳನೆಯದನ್ನು ನರ್ತನಕ್ಕೂ ಮೀಸಲಿಟ್ಟ. ಇನ್ನೂ ಹತ್ತಿರದ ಸಾಕ್ಷಿ ಪುಂಡರೀಕ ವಿಠ್ಠಲನದು. ಶಿವಗಂಗೆಯ ಸೀಮೆಯವನಾದ ಈತ 16ನೆಯ ಶತಮಾನದಲ್ಲಿ ಉತ್ತರಕ್ಕೆ ಹೋಗಿ ಬುರ್ಹಾನಪುರದಲ್ಲೂ ಬಳಿಕ ಅಕ್ಬರನ ಕಾಲದ ಆಸ್ಥಾನ ವಲಯದಲ್ಲೂ ಇದ್ದು ನರ್ತನನಿರ್ಣಯವನ್ನು ಬರೆದ. ನೃತ್ಯವನ್ನು ಕುರಿತ ಆ ಪುಸ್ತಕ ನರ್ತಕನಿಂದ ಆರಂಭವಾಗುವುದಿಲ್ಲ. ಮೊದಲು ತಾಳ ಹಿಡಿಯುವವನು, ಆಮೇಲೆ ಮೃದಂಗದವನು, ಆಮೇಲೆ ಗಾಯಕ, ಕೊನೆಗೆ ನರ್ತಕ. ಗೆಜ್ಜೆ ಕಟ್ಟಿದವರೆಲ್ಲ ಒಪ್ಪುವ ಕ್ರಮ ಇದು. ನೃತ್ಯವನ್ನು ಅವನು ಬಂಧ, ಅನಿಬಂಧ ಎಂದು ಎರಡಾಗಿ ವಿಂಗಡಿಸುತ್ತಾನೆ. ಸಂಗೀತದಲ್ಲಿ ನಿಬದ್ಧ, ಅನಿಬದ್ಧ ಎನ್ನುವ ಹಾಗೆಯೇ ಹೆಜ್ಜೆಯಲ್ಲೂ ಕಟ್ಟಿದ ಭಾಗ, ಬಿಟ್ಟ ಭಾಗ.

ಇವತ್ತಿಗೂ ಜೀವಂತವಾಗಿರುವ ರಚನೆಗಳಲ್ಲಿ ಮೊದಲು ಹೇಳಬೇಕಾದದ್ದು ಮಲ್ಲಾರಿ. ಇದು ನಾಗಸ್ವರದ ಸ್ವಂತ ಸೊತ್ತು. ತಮಿಳುನಾಡಿನ ಶಿವಾಲಯಗಳಲ್ಲಿ ಉತ್ಸವಮೂರ್ತಿಯನ್ನು ಹೊತ್ತು ಹೊರಡುವಾಗ ಮೊದಲು ತವಿಲಿನವರು ಅಲರಿಪ್ಪು ಬಾರಿಸುತ್ತಾರೆ. ಹಿಂದೆಯೇ ನಾಗಸ್ವರದಲ್ಲಿ ಗಂಭೀರನಾಟ ರಾಗದ ಮಲ್ಲಾರಿ ಏಳುತ್ತದೆ. ಷಡ್ಜ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕಾಕಲಿ ನಿಷಾದ, ಹೀಗೆ ಐದೇ ಸ್ವರಗಳ ರಾಗ. ಋಷಭ, ಧೈವತಗಳು ಇಲ್ಲದಿರುವುದರಿಂದ ಸ್ವರಗಳ ನಡುವೆ ದೊಡ್ಡ ಜಿಗಿತಗಳಿವೆ. ಬಯಲಿನಲ್ಲಿ, ಜನಜಂಗುಳಿಯ ಗದ್ದಲದಲ್ಲಿ, ಗಮಕದ ನಾಜೂಕು ಕಿವಿಗೆ ಸಿಗದಷ್ಟು ದೂರದಲ್ಲೂ ಈ ಜಿಗಿತಗಳು ಕೇಳಿಸುತ್ತವೆ. ರಾಗದ ಆಯ್ಕೆಗೆ ಶಾಸ್ತ್ರದ ಕಾರಣಗಳನ್ನು ಹೇಳುವುದುಂಟು; ಬೀದಿಯ ಕಾರಣವೂ ಕಡಿಮೆಯದಲ್ಲ.

ಮಲ್ಲಾರಿಯ ಒಡಲು ಚಿಕ್ಕದು. ತಾಳದ ಒಂದೆರಡು ಆವರ್ತಕ್ಕೆ ಕಟ್ಟಿದ ಒಂದು ಸ್ವರವಾಕ್ಯ, ಅದರ ಪ್ರತಿ ಸ್ವರಕ್ಕೂ ತವಿಲಿನ ಸೊಲ್ಲಿನ ಜೋಡಿ. ವಿಸ್ತಾರವೆಲ್ಲ ಕಾಲದ್ದು. ಅದೇ ವಾಕ್ಯವನ್ನು ವಿಳಂಬದಲ್ಲಿ ಒಮ್ಮೆ, ಅದರ ಇಮ್ಮಡಿ ವೇಗದಲ್ಲಿ ಒಮ್ಮೆ, ನಾಲ್ಕು ಮಡಿಯಲ್ಲಿ ಒಮ್ಮೆ ನುಡಿಸುತ್ತಾರೆ. ನಡುವೆ ತಿಶ್ರವೂ ಬರುತ್ತದೆ. ತಾಳ ಮಾತ್ರ ಕದಲದೆ ನಿಂತಿರುತ್ತದೆ. ರಾಗ ತಾನ ಪಲ್ಲವಿಯ ತ್ರಿಕಾಲವನ್ನು ಬಲ್ಲವರಿಗೆ ಇದು ಪರಿಚಿತ ಲೆಕ್ಕ. ಕಛೇರಿಯಲ್ಲಿ ಅದು ವಿದ್ವತ್ತಿನ ಪರೀಕ್ಷೆಯಾದರೆ ಇಲ್ಲಿ ಅದಕ್ಕೊಂದು ಉಪಯೋಗವಿದೆ: ಪಲ್ಲಕ್ಕಿ ಹೊತ್ತವರು ಹೆಗಲು ಕೊಡುವಾಗಿನ ನಿಧಾನ, ಹೊರಟ ಮೇಲಿನ ನಡೆ, ಬೀದಿಗೆ ಇಳಿದ ಬಳಿಕದ ಹುರುಪು. ಸಂದರ್ಭಕ್ಕೆ ತಕ್ಕ ಬೇರೆ ಬೇರೆ ಮಲ್ಲಾರಿಗಳೂ ಇವೆ. ಅಭಿಷೇಕಕ್ಕೆ ನೀರು ತರುವಾಗ ತೀರ್ಥ ಮಲ್ಲಾರಿ, ಅಡುಗೆಮನೆಯಿಂದ ನೈವೇದ್ಯ ಬರುವಾಗ ತಳಿಗೆ ಮಲ್ಲಾರಿ, ರಥೋತ್ಸವಕ್ಕೆ ತೇರು ಮಲ್ಲಾರಿ. ಗರ್ಭಗುಡಿ ಕಾಣದಷ್ಟು ದೂರದಲ್ಲಿ ನಿಂತ ಭಕ್ತರಿಗೂ ಒಳಗೆ ಏನು ನಡೆಯುತ್ತಿದೆ ಎಂಬುದು ವಾದ್ಯದಿಂದಲೇ ತಿಳಿಯುತ್ತದೆ.

ಮಲ್ಲಾರಿಗೆ ಕುಣಿಯುವವರು ಯಾರು ಎಂದರೆ ಕೆಲವು ಕ್ಷೇತ್ರಗಳಲ್ಲಿ ಸ್ವತಃ ದೇವರೇ. ತಿರುವಾರೂರಿನ ತ್ಯಾಗರಾಜಸ್ವಾಮಿಯನ್ನು ಹೊತ್ತವರು ಮೂರ್ತಿಯನ್ನು ಉಸಿರಿನ ಏರಿಳಿತದಂತೆ ತೂಗುತ್ತಾರೆ. ಅದಕ್ಕೆ ಅಜಪಾ ನಟನವೆಂದು ಹೆಸರು. ವೇದಾರಣ್ಯದಲ್ಲಿ ಅದು ಹಂಸಪಾದ ನಟನ. ಕರಾವಳಿ ಕರ್ನಾಟಕದ ದೇವಸ್ಥಾನಗಳಲ್ಲಿ ಇದರ ನೇರ ಬಂಧು ಉತ್ಸವಬಲಿ. ತಂತ್ರಿಗಳೋ ಅದಕ್ಕೆಂದೇ ಪಳಗಿದ ಅರ್ಚಕರೋ ಬಲಿಮೂರ್ತಿಯನ್ನು ತಲೆಯ ಮೇಲೆ ಹೊತ್ತು, ಕೈಯ ಆಧಾರವನ್ನೂ ಬಿಟ್ಟು, ಅಂಗಣದಲ್ಲಿ ಸುತ್ತು ಬರುತ್ತ ಹೆಜ್ಜೆ ಹಾಕುತ್ತಾರೆ. ಚೆಂಡೆ ಸುತ್ತು, ವಾದ್ಯ ಸುತ್ತು ಎಂದು ಒಂದೊಂದು ಸುತ್ತಿಗೆ ಒಂದೊಂದು ವಾದ್ಯದ ಹೆಸರು. ಚೆಂಡೆಯವರ ಪೆಟ್ಟು ಒಂದು ಮಾತ್ರೆ ತಪ್ಪಿದರೂ ತಲೆಯ ಮೇಲಿನ ಮೂರ್ತಿಯ ಸಮತೋಲಕ್ಕೆ ಅಪಾಯ. ಸಭೆಯ ಚಪ್ಪಾಳೆಗಾಗಿ ನುಡಿಸುವ ಲಯಕ್ಕೆ ಇಂಥ ಹೊಣೆ ಇರುವುದಿಲ್ಲ.

ಕೇರಳದ ಪಂಚಾರಿ ಮೇಳದಲ್ಲಿ ಮಲ್ಲಾರಿಯ ಕಾಲವಿಸ್ತಾರದ ತತ್ತ್ವ ಗಣಿತದ ಬಿಗಿಯನ್ನು ಪಡೆದಿದೆ. ಚೆಂಡೆ, ಇಲತ್ತಾಳ, ಕೊಂಬು, ಕುಳಲುಗಳ ದೊಡ್ಡ ತಂಡ ಐದು ಕಾಲಗಳಲ್ಲಿ ಒಂದೇ ತಾಳವನ್ನು ಕುಗ್ಗಿಸುತ್ತ ಹೋಗುತ್ತದೆ. ಮೊದಲ ಕಾಲದ ಆವರ್ತಕ್ಕೆ 96 ಅಕ್ಷರ. ಆಮೇಲೆ 48, 24, 12, ಕೊನೆಗೆ 6. ಕೊನೆಯ ಕಾಲ ಬರುವ ಹೊತ್ತಿಗೆ ಎರಡು ಗಂಟೆ ಕಳೆದಿರುವುದುಂಟು. ಅಷ್ಟರಲ್ಲಿ ನೋಡುತ್ತ ನಿಂತ ಸಾವಿರಾರು ಜನರ ಕೈಗಳೂ ತಾಳಕ್ಕೆ ಮೇಲೆದ್ದಿರುತ್ತವೆ. ಹಾಡಿನ ಒಂದು ಪದವೂ ಇಲ್ಲದೆ ಇಷ್ಟು ಉದ್ದದ, ಇಷ್ಟು ಕಟ್ಟುನಿಟ್ಟಿನ ರಚನೆ ನಿಲ್ಲುತ್ತದೆ ಎಂಬುದೊಂದೇ, ವಾದ್ಯಕ್ಕೆ ಸ್ವಂತ ರಚನೆಯಿಲ್ಲ ಎಂಬ ವಾದವನ್ನು ಕೈಬಿಡಲು ಸಾಕು.

ದೇವಸ್ಥಾನದ ನಾಗಸ್ವರದ ತಂಡಕ್ಕೆ ಪೆರಿಯ ಮೇಳವೆಂದೂ ನಾಟ್ಯದ ತಂಡಕ್ಕೆ ಚಿನ್ನ ಮೇಳವೆಂದೂ ತಮಿಳುನಾಡಿನ ಹಳೆಯ ರೂಢಿ. ಎರಡೂ ಮೇಳಗಳವರು ಒಂದೇ ಪ್ರಾಕಾರದಲ್ಲಿ ಸೇವೆ ಮಾಡಿದವರು, ಎಷ್ಟೋ ಕಡೆ ನೆಂಟರು. ತವಿಲಿನ ಅಲರಿಪ್ಪು ಭರತನಾಟ್ಯದ ಮೊದಲ ನೃತ್ಯಬಂಧವೂ ಆಗಿರುವುದು ಆಕಸ್ಮಿಕವಲ್ಲ. ನಾಟ್ಯದ ಅಲರಿಪ್ಪಿನಲ್ಲಿ ಸ್ವರವೂ ಮುಖ್ಯವಲ್ಲ. ನಟ್ಟುವನಾರರ ಸೊಲ್ಲುಕಟ್ಟು, ತಟ್ಟಿನ ತಾಳ, ಮೃದಂಗ ಇದ್ದರೆ ಸಾಕು. ಕಣ್ಣು, ಕತ್ತು, ಹೆಗಲು, ತೋಳು, ಆಮೇಲೆ ಅರೆಮಂಡಿ, ಪೂರ್ಣಮಂಡಿ, ಹೀಗೆ ಮೈ ಒಂದೊಂದಾಗಿ ತೆರೆದುಕೊಳ್ಳುತ್ತದೆ. ತಿಶ್ರದಲ್ಲಿ ಕಲಿತದ್ದನ್ನು ಖಂಡಕ್ಕೂ ಮಿಶ್ರಕ್ಕೂ ಒಗ್ಗಿಸುವುದು ಕಲಿಯುವವರ ಮುಂದಿನ ಪಾಠ.

ಅಲರಿಪ್ಪಿನ ನಂತರದ್ದು ಜತಿಸ್ವರ. ತಂಜಾವೂರಿನ ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು ಸಹೋದರರು 19ನೆಯ ಶತಮಾನದ ಪೂರ್ವಾರ್ಧದಲ್ಲಿ ರೂಪಿಸಿದ ಮಾರ್ಗದಲ್ಲಿ ಇದಕ್ಕೆ ಎರಡನೆಯ ಸ್ಥಾನ. ಅವರಲ್ಲಿ ಹಿರಿಯರಾದ ಚಿನ್ನಯ್ಯ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. ವಡಿವೇಲು ತಿರುವಾಂಕೂರಿನ ಸ್ವಾತಿ ತಿರುನಾಳರಲ್ಲಿಗೆ ಹೋದರು. ದಕ್ಷಿಣದ ಮೂರು ಆಸ್ಥಾನಗಳ ನಾಟ್ಯಪರಂಪರೆಗಳು ಒಂದೇ ಮನೆಯ ಮಕ್ಕಳಿಂದ ಹೀಗೆ ಹೆಣೆದುಕೊಂಡವು. ಜತಿಸ್ವರದಲ್ಲಿ ಪಲ್ಲವಿಯೂ ಚರಣಗಳೂ ಇವೆ, ಆದರೆ ಎಲ್ಲವೂ ಸ್ವರಗಳಲ್ಲೇ. ಗಾಯಕರು ಹಾಡಿದರೂ ಹಾಡುವುದು ಸರಿಗಮವನ್ನೇ. ಆದ್ದರಿಂದ ಇದನ್ನು ಕಂಠ ನುಡಿಸುವ ವಾದ್ಯರಚನೆ ಎಂದರೂ ತಪ್ಪಿಲ್ಲ. ಪಲ್ಲವಿ ಮತ್ತೆ ಮತ್ತೆ ಬರುತ್ತಿದ್ದಂತೆ ನರ್ತಕಿ ಅದರ ಮೇಲೆ ಅಡವುಗಳ ಕೋರ್ವೆಗಳನ್ನು ಹೆಣೆಯುತ್ತಾಳೆ. ಕೆಲವು ಕಡೆ ಸ್ವರದ ಒತ್ತು ಹೆಜ್ಜೆಯ ಒತ್ತಿಗೆ ಹೊಂದುತ್ತದೆ, ಕೆಲವು ಕಡೆ ಬೇಕೆಂದೇ ಬೇರೆಯಾಗಿ ಓಡಿ ಕೊನೆಯ ತೀರ್ಮಾನದಲ್ಲಿ ಕೂಡುತ್ತದೆ. ಒಳ್ಳೆಯ ಜತಿಸ್ವರದ ರುಚಿಯೆಲ್ಲ ಈ ಅಗಲಿ ಕೂಡುವುದರಲ್ಲಿದೆ.

ಇದರ ಸೋದರ ರಚನೆ ಸ್ವರಜತಿ. ಅದಕ್ಕೆ ಸಾಹಿತ್ಯವೂ ಉಂಟು. ಮೇಲಟ್ಟೂರು ವೀರಭದ್ರಯ್ಯನವರ ಹುಸೇನಿ ಸ್ವರಜತಿ ನೃತ್ಯಕ್ಕೆಂದೇ ಹುಟ್ಟಿದ್ದು. ಶ್ಯಾಮಾಶಾಸ್ತ್ರಿಗಳು ಭೈರವಿ, ತೋಡಿ, ಯದುಕುಲಕಾಂಬೋಜಿಗಳಲ್ಲಿ ಸ್ವರಜತಿಗಳನ್ನು ರಚಿಸಿದಾಗ ಜತಿಗಳನ್ನು ಕೈಬಿಟ್ಟು ಅದನ್ನು ಪೂರ್ತಿ ಹಾಡುಗಾರಿಕೆಯ ರಚನೆಯಾಗಿಸಿದರು. ರಂಗದಿಂದ ಕಛೇರಿಗೆ ಸಾಗಿದ ಇನ್ನೊಂದು ರಚನೆ ತಿಲ್ಲಾನ. ಮೃದಂಗದ ಪಾಟಾಕ್ಷರಗಳ ಪಲ್ಲವಿ, ಕೊನೆಯಲ್ಲಿ ಅಂಕಿತ ಹೊತ್ತ ಒಂದೆರಡು ಸಾಲಿನ ಸಾಹಿತ್ಯ. ಮೈಸೂರಿನ ವೀಣೆ ಶೇಷಣ್ಣನವರು (1852–1926) ವೈಣಿಕರಾಗಿದ್ದುಕೊಂಡು ಸ್ವರಜತಿ, ತಿಲ್ಲಾನಗಳನ್ನು ರಚಿಸಿದ್ದು ಗಮನಾರ್ಹ. ಅವರ ಜೆಂಜೂಟಿ ತಿಲ್ಲಾನದ ನಡಿಗೆಯಲ್ಲಿ ವೀಣೆಯ ಮೀಟು ಸ್ಪಷ್ಟವಾಗಿ ಕೇಳಿಸುತ್ತದೆ. ಮುಂದೆ ಪಿಟೀಲಿನ ಲಾಲ್ಗುಡಿ ಜಯರಾಮನ್ (1930–2013) ರಚಿಸಿದ ತಿಲ್ಲಾನಗಳನ್ನು ನರ್ತಕಿಯರು ಹುಡುಕಿಕೊಂಡು ಹೋಗಿ ಎತ್ತಿಕೊಂಡರು. ಕಮಾನಿನ ಕೈ ಹೆಜ್ಜೆಯ ಲೆಕ್ಕವನ್ನು ಚೆನ್ನಾಗಿ ಬಲ್ಲದು.

ಹೊರಗಿನ ಕುಣಿತದ ಧಾಟಿಗಳೂ ದಕ್ಷಿಣಕ್ಕೆ ಬಂದಿವೆ. ಮುತ್ತುಸ್ವಾಮಿ ದೀಕ್ಷಿತರು (1775–1835) ಕಂಪನಿಯ ಬ್ಯಾಂಡಿನಲ್ಲಿ ಕೇಳಿದ ಸುಮಾರು ನಲವತ್ತು ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿ ನೊಟ್ಟುಸ್ವರಗಳನ್ನು ಮಾಡಿದರು. ಬ್ರಿಟಿಷ್ ರಾಜಗೀತೆಯ ಧಾಟಿಯೂ ಅವುಗಳಲ್ಲಿದೆ, ಐರ್ಲೆಂಡ್ ಸ್ಕಾಟ್ಲೆಂಡ್ ಕಡೆಯ ಕುಣಿತದ ಧಾಟಿಗಳೂ ಇವೆ. ಮೈಸೂರಿನ ಆಸ್ಥಾನದಲ್ಲಿದ್ದ ಮುತ್ತಯ್ಯ ಭಾಗವತರು (1877–1945) ಶಂಕರಾಭರಣದಲ್ಲಿ ಮಾಡಿದ ಇಂಗ್ಲಿಷ್ ನೋಟು ಸಾಹಿತ್ಯವನ್ನೂ ಬಿಟ್ಟು ಬರಿಯ ಸ್ವರದಲ್ಲೇ ಓಡುತ್ತದೆ.

ಕುಣಿತದ ರಚನೆ ಕುಳಿತು ಕೇಳುವ ರಚನೆಯಾದ ಇಂಥದೇ ಕಥೆ ಯುರೋಪಿನಲ್ಲಿ ಇನ್ನೂ ಮೊದಲು ನಡೆದಿತ್ತು. ಆಲ್ಮಾಂಡ್, ಕುರಾಂಟ್, ಸರಬಾಂಡ್, ಜೀಗ್ ಎಂಬ ನಾಲ್ಕು ಕುಣಿತಗಳ ಲಯಗಳನ್ನು ಒಂದೇ ಶ್ರುತಿಯಲ್ಲಿ ಪೋಣಿಸಿ ಸ್ವೀಟ್ ಎಂಬ ವಾದ್ಯರಚನೆಯಾಗಿಸಿದರು. ಜೆ. ಎಸ್. ಬಾಖ್ 18ನೆಯ ಶತಮಾನದ ಆರಂಭದಲ್ಲಿ ಒಂಟಿ ಚೆಲೋಗೆ ಬರೆದ ಆರು ಸ್ವೀಟ್‌ಗಳಿಗೆ ಯಾರೂ ಕುಣಿಯಲಿಲ್ಲ, ಕುಳಿತು ಕೇಳಿದರು. ಆದರೂ ಸರಬಾಂಡ್ ಎರಡನೆಯ ಮಾತ್ರೆಯ ಮೇಲೆ ಭಾರ ಹಾಕುವುದನ್ನು ಬಿಡಲಿಲ್ಲ. ತಿಲ್ಲಾನವನ್ನು ಕಛೇರಿಯಲ್ಲಿ ಕೇಳುವವರ ಅನುಭವವೂ ಹೀಗೆಯೇ: ನರ್ತಕಿ ಹೊರಟುಹೋದರೂ ಹೆಜ್ಜೆ ಉಳಿದಿರುತ್ತದೆ.

ಹಿಂದೂಸ್ತಾನಿ ಪದ್ಧತಿಯಲ್ಲಿ ತಂತಿವಾದ್ಯದ ಮುಖ್ಯ ರಚನೆ ಗತ್. ಗತ್ತಿಗೂ ಮೊದಲಿನ ಆಲಾಪ, ಜೋಡ್, ಝಾಲಾಗಳು ಬೀನಕಾರರ ಧ್ರುಪದ ಪರಂಪರೆಯಿಂದ ಬಂದವು. ತಬಲಾ ಸೇರುವುದು ಗತ್ತಿನಿಂದ. 18ನೆಯ ಶತಮಾನದ ದೆಹಲಿಯಲ್ಲಿ ಮಸೀತ್ ಖಾನರ ಹೆಸರಿನಲ್ಲಿ ನೆಲೆಗೊಂಡ ಮಸೀತಖಾನಿ ಗತ್ ವಿಳಂಬ ಲಯದ್ದು. ತೀನತಾಲದ ಹದಿನಾರು ಮಾತ್ರೆಗಳಲ್ಲಿ ಹನ್ನೆರಡನೆಯದರಿಂದ ಅದು ಎದ್ದು, ದಿರ ದಾ ದಿರ ದಾ ರಾ, ದಾ ದಾ ರಾ ಎಂಬ ಎಂಟು ಮಾತ್ರೆಯ ಮಿಜರಾಬಿನ ಬೋಲು ಎರಡು ಸಲ ಬಂದರೆ ಒಂದು ಆವರ್ತ. ಸ್ವರ ಯಾವುದಾದರೂ ಇರಲಿ, ಬಲಗೈಯ ಈ ಅಚ್ಚು ಬದಲಾಗದು. ಗತ್ತನ್ನು ಗತ್ತಾಗಿಸುವುದು ರಾಗಕ್ಕಿಂತ ಹೆಚ್ಚಾಗಿ ಈ ಬಡಿತದ ಕ್ರಮ. 19ನೆಯ ಶತಮಾನದ ಲಖನೌದಲ್ಲಿ ಗುಲಾಮ್ ರಝಾ ಖಾನರಿಂದ ಹೆಸರಾದ ರಝಾಖಾನಿ ಗತ್ ಇದಕ್ಕಿಂತ ಚುರುಕು. ವಾಜಿದ್ ಅಲಿ ಶಾಹನ ಕಾಲದ ಲಖನೌ ಎಂದರೆ ಠುಮ್ರಿ, ಕಥಕ್ ಎರಡೂ ಮೆರೆಯುತ್ತಿದ್ದ ಊರು. ಸಿತಾರಿನ ದ್ರುತ ಗತ್ ಅಲ್ಲಿ ಗೆಜ್ಜೆಯ ಸದ್ದಿನ ನೆರೆಯಲ್ಲೇ ಬೆಳೆಯಿತು. ಲಖನೌ ಘರಾನೆಯ ತಬಲಾ ಬಾಜನ್ನು ನಾಚ್‌ಕರಣ್ ಎಂದು ಕರೆಯುವುದೂ ಈ ನೆರೆಹೊರೆಯಿಂದಲೇ. ಕಥಕ್ಕಿನಲ್ಲಿ ನಡಿಗೆ, ಭಂಗಿಗಳ ಭಾಗಕ್ಕೂ, ತಬಲಾದಲ್ಲಿ ಒಂದು ಬಗೆಯ ಕಟ್ಟಿದ ರಚನೆಗೂ ಗತ್ ಎಂದೇ ಹೆಸರು.

 

ಕಥಕ್ಕಿಗೆ ಬೇಕಾದ ಇನ್ನೊಂದು ವಾದ್ಯರಚನೆ ಲೆಹರಾ, ಇಲ್ಲವೆ ನಗ್ಮಾ. ಸಾರಂಗಿಯಲ್ಲೋ ಹಾರ್ಮೋನಿಯಮ್ಮಿನಲ್ಲೋ ಒಂದೇ ಆವರ್ತದ ಒಂದು ಧಾಟಿಯನ್ನು ಗಂಟೆಗಟ್ಟಲೆ ನುಡಿಸುತ್ತಾರೆ. ಗೆರೆ ಹಾಕಿದ ಪುಸ್ತಕದಲ್ಲಿ ಗೆರೆಗಳಿದ್ದ ಹಾಗೆ ಅದು ಇರುತ್ತದೆ. ಬರಹ ಏನಿದ್ದರೂ ನರ್ತಕನದು, ತಬಲಾದವನದು. ಕೇಳಲು ಅತಿ ಸರಳ, ನುಡಿಸಲು ಹಾಗಲ್ಲ. ಸಮ್ ಯಾವುದು, ಖಾಲಿ ಯಾವುದು ಎಂಬುದು ಧಾಟಿಯಿಂದಲೇ ಅನುಮಾನವಿಲ್ಲದೆ ಗೊತ್ತಾಗಬೇಕು, ಲಯ ಕೂದಲೆಳೆಯಷ್ಟೂ ಜಗ್ಗಬಾರದು. ಅದರ ಮೇಲೆ ತತ್ಕಾರ, ತುಕಡಾ, ಪರಣ್, ಚಕ್ರದಾರಗಳು ಬರುತ್ತವೆ. ಇವೆಲ್ಲದರ ಕೊನೆ ತಿಹಾಯಿ: ಒಂದು ಮಾತನ್ನು ಮೂರು ಸಲ ಹೇಳಿ ಸಮ್‌ಗೆ ತಲುಪುವುದು. ಐದು ಮಾತ್ರೆಯ ಮಾತು, ಒಂದು ಮಾತ್ರೆ ಬಿಡುವು, ಮತ್ತೆ ಐದು, ಮತ್ತೆ ಒಂದು, ಮತ್ತೆ ಐದು: ಒಟ್ಟು ಹದಿನೇಳು. ಸಮ್‌ನಿಂದ ಹೊರಟರೆ ಹದಿನೇಳನೆಯ ಪೆಟ್ಟು ಮುಂದಿನ ಆವರ್ತದ ಸಮ್‌ಗೆ ಸರಿಯಾಗಿ ಬೀಳುತ್ತದೆ. ಇಂಥ ಲೆಕ್ಕ ಇಂದು ಸಿತಾರ್, ಸರೋದ್ ಕಛೇರಿಗಳ ಜೀವಾಳ. ರವಿಶಂಕರರು ಮೈಹರಿನ ಅಲ್ಲಾವುದ್ದೀನ್ ಖಾನರಲ್ಲಿ 1938ರಲ್ಲಿ ಪಾಠಕ್ಕೆ ಸೇರುವ ಮೊದಲು ಅಣ್ಣ ಉದಯಶಂಕರರ ತಂಡದಲ್ಲಿ ಕುಣಿಯುತ್ತಿದ್ದವರು. ಅವರ ಸಿತಾರಿನ ಲಯಕಾರಿಯನ್ನು ಕೇಳುವವರು ಇದನ್ನು ಮರೆಯಬಾರದು.

ಕರ್ನಾಟಕದ ಜನಪದ ಕುಣಿತಗಳಲ್ಲಿ ವಾದ್ಯ, ನೃತ್ಯ ಎಂಬ ಎರಡು ಕೋಣೆಗಳೇ ಇಲ್ಲದ ಉದಾಹರಣೆಗಳು ಸಿಗುತ್ತವೆ. ಡೊಳ್ಳು ಕುಣಿತದಲ್ಲಿ ಬಾರಿಸುವವರೇ ಕುಣಿಯುವವರು. ಬೀರೇಶ್ವರನ ಒಕ್ಕಲಾದ ಹಾಲುಮತದವರ ಈ ಕಲೆಯಲ್ಲಿ ಸಾಲು ಕಟ್ಟಿ, ಸುತ್ತು ಕಟ್ಟಿ, ಕೂತು, ಎದ್ದು ಬಾರಿಸುವಾಗ ಮೈಯ ಬಾಗು ಬದಲಾದ ಹಾಗೆ ಪೆಟ್ಟಿನ ತೂಕವೂ ಬದಲಾಗುತ್ತದೆ. ತಮಟೆಯೂ ಹಾಗೆಯೇ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಆ ವಾದ್ಯಕ್ಕೆ ತಡವಾಗಿಯಾದರೂ ಮನ್ನಣೆ ಸಿಕ್ಕಿತು. ಶಾಸ್ತ್ರೀಯ ಸಂಗೀತದ ಚರಿತ್ರೆಕಾರರು ತಮಟೆ, ಹಲಗೆಗಳ ಗತ್ತುಗಳನ್ನು ರಚನೆಗಳೆಂದು ಲೆಕ್ಕಕ್ಕೆ ಹಿಡಿಯದೆ ಹೋದದ್ದಕ್ಕೆ ಸಂಗೀತದ ಕಾರಣವಿಲ್ಲ. ಬಾರಿಸುವವರ ಜಾತಿಯೇ ಕಾರಣ. ಉತ್ತರ ಕರ್ನಾಟಕದ ಕರಡಿ ಮಜಲು ಶಹನಾಯಿ, ಕರಡಿ, ತಾಳಗಳ ಮೆರವಣಿಗೆಯ ಮೇಳ. ಕೊಡಗಿನ ಮದುವೆಗಳಲ್ಲಿ ವಾಲಗದವರು ಊದಲು ತೊಡಗಿದರೆ ನೆಂಟರಿಷ್ಟರೆಲ್ಲ ಕೈ ಎತ್ತಿ ಕುಣಿಯುತ್ತಾರೆ. ಹಾಡಿಲ್ಲ, ಹೇಳಿಕೊಡುವವರಿಲ್ಲ, ಧಾಟಿ ಕೇಳಿದೊಡನೆ ಹೆಜ್ಜೆ ತಾನಾಗಿ ಬರುತ್ತದೆ.

ಯಕ್ಷಗಾನ ಹಾಡಿನ ಕಲೆ. ಭಾಗವತರ ಪದವಿಲ್ಲದೆ ಪ್ರಸಂಗ ಮುಂದೆ ಸಾಗದು. ಆದರೂ ಪದಗಳ ನಡುವೆ ಚೆಂಡೆ ಮದ್ದಳೆಗಳಿಗೆ ಮೀಸಲಾದ ಜಾಗಗಳಿವೆ. ಆಟಕ್ಕೆ ಮೊದಲು ಕೇಳಿ ಬಾರಿಸುವುದು ಸುತ್ತಮುತ್ತಲ ಊರುಗಳಿಗೆ ಕರೆ. ವೇಷದ ಪ್ರವೇಶಕ್ಕೆ, ಒಡ್ಡೋಲಗಕ್ಕೆ, ಯುದ್ಧಕ್ಕೆ, ಪ್ರಯಾಣಕ್ಕೆ ಬಿಡ್ತಿಗೆಗಳೆಂಬ ಬೇರೆ ಬೇರೆ ವಾದ್ಯಖಂಡಗಳಿವೆ. ಪ್ರತಿಯೊಂದಕ್ಕೂ ಅದರದೇ ಮುಕ್ತಾಯ. ಒಡ್ಡೋಲಗದಲ್ಲಿ ತೆರೆಯ ಹಿಂದೆ ಕುಣಿದು, ಮೆಲ್ಲಗೆ ತೆರೆ ಸರಿಸಿ, ಕೊನೆಗೆ ಪೂರ್ತಿ ಕಾಣಿಸಿಕೊಳ್ಳುವ ವೇಷಕ್ಕೆ ಕಥೆ ಇನ್ನೂ ಶುರುವಾಗಿರುವುದಿಲ್ಲ, ಆದರೆ ಪಾತ್ರದ ಗತ್ತು, ಅಂತಸ್ತು ಆಗಲೇ ತಿಳಿದಿರುತ್ತದೆ. ಭರತನ ಪೂರ್ವರಂಗಕ್ಕೆ ಇಷ್ಟು ಹತ್ತಿರದ ಜೀವಂತ ರೂಪ ಕನ್ನಡದಲ್ಲಿ ಬೇರೊಂದಿಲ್ಲ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಮಾತನ್ನು ಕಡಿಮೆ ಮಾಡಿ, ಪಿಟೀಲು, ಸ್ಯಾಕ್ಸೊಫೋನುಗಳನ್ನು ಹಿಮ್ಮೇಳಕ್ಕೆ ಸೇರಿಸಿದಾಗ ದೊಡ್ಡ ಚರ್ಚೆಯೇ ನಡೆಯಿತು. ಕುಣಿತವನ್ನು ಮುಂದಿಡಬೇಕೆಂಬ ಅವರ ಉದ್ದೇಶ ಸರಿಯಾದದ್ದೇ. ಪಿಟೀಲಿನ ದನಿ ಚೆಂಡೆಯ ಎದುರು ನಿಲ್ಲುವುದೇ ಎಂಬ ಪ್ರಶ್ನೆಯೂ ಅಷ್ಟೇ ಸರಿಯಾದದ್ದು.

20ನೆಯ ಶತಮಾನದಲ್ಲಿ ಮಲ್ಲಾರಿ ಬೀದಿಯಿಂದ ರಂಗಕ್ಕೆ ಬಂತು. ದೇವದಾಸಿ ಪದ್ಧತಿ ನಿಂತು, ನೃತ್ಯ ದೇವಸ್ಥಾನದಿಂದ ಸಭಾಂಗಣಕ್ಕೆ ಸರಿದ ಮೇಲೆ, ಕಳೆದುಹೋದ ದೇಗುಲವನ್ನು ನೆನಪಿಸುವ ಆರಂಭವೊಂದು ಬೇಕಾಯಿತು. ಈಗ ಎಷ್ಟೋ ರಂಗಪ್ರವೇಶಗಳು ಮಲ್ಲಾರಿಯಿಂದಲೇ ಶುರುವಾಗುತ್ತವೆ. ನಾಗಸ್ವರ ಸಿಗದಿದ್ದರೆ ಕೊಳಲಿನಲ್ಲೋ ಪಿಟೀಲಿನಲ್ಲೋ ನುಡಿಸುತ್ತಾರೆ. ಹೊರೆ ಹೊರುವ ಹೆಗಲುಗಳಿಲ್ಲದ ಕಾರಣ ನರ್ತಕಿಯರೇ ಪಲ್ಲಕ್ಕಿಯನ್ನು ಕೈಗಳಲ್ಲಿ ಅಭಿನಯಿಸುತ್ತಾರೆ. ಧ್ವನಿಮುದ್ರಿತ ಸಂಗೀತಕ್ಕೆ ಕುಣಿಯುವ ರೂಢಿ ಹೆಚ್ಚಿದಂತೆ ಇನ್ನೊಂದು ಬದಲಾವಣೆಯೂ ಆಗಿದೆ: ಧ್ವನಿಮುದ್ರಣದಲ್ಲಿ ಕಾಲ ಮೊದಲೇ ನಿಗದಿಯಾಗಿರುವುದರಿಂದ ಮೂರನೆಯ ಕಾಲವನ್ನು ನರ್ತಕಿಯ ಉಸಿರು ನೋಡಿ ಹಿಗ್ಗಿಸಲಾಗದು, ಕುಗ್ಗಿಸಲಾಗದು.

ಕರಾವಳಿಯಲ್ಲಿ ಮಾತ್ರ ಸಂಗತಿ ಬೇರೆ ದಾರಿ ಹಿಡಿದಿದೆ. ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು (1949–2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ ದಕ್ಷಿಣ ಕನ್ನಡ, ಉಡುಪಿಯ ದೇವಸ್ಥಾನಗಳಲ್ಲಿ, ಮದುವೆಗಳಲ್ಲಿ ಆ ವಾದ್ಯ ನಾಗಸ್ವರದ ಜಾಗದಲ್ಲಿ ನೆಲೆಯೂರಿತು. ಈಗ ಬಲಿಯ ವಾದ್ಯ ಸುತ್ತಿನಲ್ಲಿ ಮೂರ್ತಿಯನ್ನು ಹೊತ್ತವರು ಎಷ್ಟೋ ಕಡೆ ಹೆಜ್ಜೆ ಹಾಕುವುದು ಸ್ಯಾಕ್ಸೊಫೋನಿನ ನಾದಕ್ಕೆ. ಚೆಂಡೆಯ ಲೆಕ್ಕದಲ್ಲಿ ವ್ಯತ್ಯಾಸವೇನೂ ಆಗಿಲ್ಲ.